1600 ಮೀಟರ್‌ಗೆ ಎರಡು ಥರ ಪ್ರಾಕ್ಟೀಸ್: ಹೆದರ್ಕೊಂಡು ಒಂದ್ಸಲ, ಲೆಕ್ಕ ಹಾಕಿ ಒಂದ್ಸಲ

ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ನಲ್ಲಿ ಗಂಡುಮಕ್ಳು 1600 ಮೀಟರ್‌ನ 6 ನಿಮಿಷ 30 ಸೆಕೆಂಡ್ ಒಳಗೆ ಮುಗಿಸ್ಬೇಕು. 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ರೌಂಡು, ರೌಂಡಿಗೆ ತೊಂಬತ್ತೇಳುವರೆ ಸೆಕೆಂಡು. 6.29ಕ್ಕೆ ಬಂದೋನೂ ಪಾಸು, 5.20ಕ್ಕೆ ಬಂದೋನೂ ಪಾಸು, ಬೇಗ ಬಂದ ಅಂತ ಯಾರಿಗೂ ಜಾಸ್ತಿ ಮಾರ್ಕ್ಸ್ ಇಲ್ಲ. ಇಷ್ಟು ಸಣ್ಣ ಲೆಕ್ಕನ ನಾನು ಮೊದಲ್ನೇ ಸಲ ತಯಾರಿ ಮಾಡ್ಬೇಕಾದ್ರೆ ಒಂದು ದಿನಾನೂ ಕೂತು ಹಾಕ್ಲಿಲ್ಲ, ಅದಕ್ಕೇ ಇದನ್ನ ಬರೀತಿದೀನಿ, ಈಗ ಗ್ರೌಂಡಿಗೆ ಹೋದ್ರೆ ನಾನು ಮಾಡಿದ್ದನ್ನೇ ಮಾಡ್ತಿರೋ ಹುಡುಗ್ರು ಸುಮಾರು ಜನ ಕಾಣ್ತಾರೆ.

ಮೊದಲ್ನೇ ಸಲ ಹೆಂಗಿತ್ತು ಅಂದ್ರೆ, ಬೆಳಗ್ಗೆ ಐದಕ್ಕೆ ತುಮಕೂರು ಸ್ಟೇಡಿಯಂ, ವಾರ್ಮಪ್ ಅಂತ ಎರಡು ರೌಂಡು, ಆಮೇಲೆ ಸ್ಟಾಪ್‌ವಾಚ್ ಹಿಡ್ಕೊಂಡು ಫುಲ್ ಸ್ಪೀಡಲ್ಲಿ 1600. ದಿನಾ. ಸಾಯಂಕಾಲ ಮತ್ತೆ ಅದೇ. ಭಾನುವಾರ ದೇವರಾಯನದುರ್ಗ ಘಾಟ್ ಹತ್ತಿ ಓಡೋದು, ಇಳಿಯೋವಾಗ್ಲೂ ಓಡೋದು. ಇಷ್ಟೆಲ್ಲಾ ಯಾಕೆ ಮಾಡ್ತಿದ್ದೆ ಅಂದ್ರೆ ಯಾರೋ ಒಬ್ಬ ಬಂದು 'ಸಿರಾ ಕಡೆ ಹುಡುಗ ಒಬ್ಬ 5.10 ಹೊಡೀತಾನಂತೆ' ಅಂತಿದ್ದ, ಆ ರಾತ್ರಿ ನನಗೆ ನಿದ್ದೆ ಬರ್ತಿರ್ಲಿಲ್ಲ, ಮಾರ್ನೇ ದಿನ ಎರಡು ರೌಂಡು ಜಾಸ್ತಿ ಓಡ್ತಿದ್ದೆ, ಓಡಿದ್ಮೇಲೆ ಮನಸ್ಸಿಗೆ ಸ್ವಲ್ಪ ಸಮಾಧಾನ, ಅಷ್ಟೇ. ಆ ಎರಡು ರೌಂಡಿಂದ ಕಾಲಿಗೇನು ಸಿಕ್ತು ಅಂತ ಯಾರಾದ್ರೂ ಕೇಳಿದ್ರೆ ನನ್ ಹತ್ರ ಉತ್ತರ ಇರ್ತಿರ್ಲಿಲ್ಲ.

ಮೊದಲ ಮೂರು ವಾರ ಟೈಮಿಂಗ್ ಚೆನ್ನಾಗೇ ಇಳೀತು. 7.20 ಇದ್ದಿದ್ದು 6.35ಕ್ಕೆ ಬಂತು. ಆಮೇಲೆ ಅಲ್ಲೇ ನಿಂತ್ಬಿಡ್ತು. ನಿಂತಿದ್ದಕ್ಕೆ ಇನ್ನೂ ಭಯ ಆಯ್ತು, ಭಯ ಆಗಿದ್ದಕ್ಕೆ ಇನ್ನೂ ಓಡ್ದೆ. ಐದನೇ ವಾರ ಮೊಣಕಾಲಿನ ಕೆಳಗೆ ಮುಂದ್ಗಡೆ ಮೂಳೆ ಹತ್ರ ನೋವು ಶುರುವಾಯ್ತು, ಬೆರಳಲ್ಲಿ ಒತ್ತಿದ್ರೆ ಜೀವ ಹೋದಂಗೆ. ಗ್ರೌಂಡಲ್ಲಿ ಎಲ್ರೂ ಶಿನ್ ಪೇನ್ ಅಂತಾರಲ್ಲ, ಅದೇ. ಅವ್ವ ದಿನಾ ರಾತ್ರಿ ಬಿಸಿನೀರು ಕಾಯ್ಸಿ ಕೊಟ್ಟು 'ಒಂದಿನ ಸುಮ್ನಿರಪ್ಪ' ಅಂತಿದ್ರು, ನಾನು ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಹೋಗ್ತಿದ್ದೆ.

ಆಗ ಗೊತ್ತಿಲ್ದೇ ಇದ್ದ ವಿಷಯ ಇದು. ದಮ್ಮು ಬೇಗ ಬರುತ್ತೆ, ಹೃದಯ ಶ್ವಾಸಕೋಶ ಕೆಲವೇ ವಾರದಲ್ಲಿ ಹೊಂದ್ಕೊಳ್ಳುತ್ತೆ, ಆದ್ರೆ ಮೂಳೆ ಮತ್ತೆ ಸ್ನಾಯುಬಂಧಗಳಿಗೆ ತಿಂಗಳುಗಟ್ಲೆ ಟೈಮ್ ಬೇಕು. ಓಡಿದಾಗ ಮೂಳೆ ಸೂಕ್ಷ್ಮವಾಗಿ ಪೆಟ್ಟು ತಿನ್ನುತ್ತೆ, ರೆಸ್ಟ್ ಸಿಕ್ಕಾಗ ಮೊದಲಿಗಿಂತ ಗಟ್ಟಿಯಾಗಿ ಕಟ್ಕೊಳ್ಳುತ್ತೆ, ರೆಸ್ಟೇ ಸಿಗದಿದ್ರೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಕೊನೆಗೆ ಬಿರುಕು ಬಿಡೋವರೆಗೂ ಹೋಗುತ್ತೆ. ನಂದು ಬಿರುಕಿನವರೆಗೆ ಹೋಗ್ಲಿಲ್ಲ, ಪುಣ್ಯ.

ಟೆಸ್ಟ್ ದಿನ 6.41. ಫೇಲ್. ನನ್ ಜೊತೆ ಬಂದಿದ್ದ ಗೆಳೆಯ ರೌಂಡ್ ರೌಂಡಿಗೂ ಟೈಮ್ ನೋಡ್ಕೊಂಡಿದ್ದ: 78, 95, 110, 118. ಮೊದಲ್ನೇ ರೌಂಡು 78! ಬೇಕಾಗಿದ್ದು 97. ಮೂರು ತಿಂಗಳು ಹೆದರ್ಕೊಂಡು ಓಡೋದನ್ನೇ ಕಲ್ತಿದ್ದೆ, ವಿಷಲ್ ಊದಿದ ತಕ್ಷಣ ಅದೇ ಹೊರಗೆ ಬಂತು.

ಇದಾದ್ಮೇಲೆ ಸ್ವಲ್ಪ ದಿನ ಊರಲ್ಲೇ ಒಂದು ಕೋಚಿಂಗ್ ಬ್ಯಾಚ್‌ಗೆ ಸೇರ್ಕೊಂಡಿದ್ದೆ, ಅದ್ರ ಬಗ್ಗೆನೂ ಎರಡು ಮಾತು. ಒಳ್ಳೇದು ಅಂದ್ರೆ ಎದ್ದೇಳೋಕೆ ಸೋಮಾರಿತನ ಆಗಲ್ಲ, ಶಾಟ್‌ಪುಟ್ ಹೆಂಗೆ ಹಿಡಿಯೋದು, ಲಾಂಗ್ ಜಂಪಿಗೆ ಹೆಜ್ಜೆ ಎಲ್ಲಿಂದ ಎಣಿಸೋದು ಅಂತ ಚೆನ್ನಾಗಿ ಹೇಳ್ಕೊಟ್ರು, ಅದು ಒಬ್ನೇ ಕಲಿಯೋಕೆ ಕಷ್ಟ. ಆದ್ರೆ ಓಟದ ವಿಷ್ಯದಲ್ಲಿ ನಲವತ್ತು ಜನಕ್ಕೂ ಒಂದೇ ಅಳತೆ, ಕೊನೇಲಿ ಬಂದ ಐದು ಜನಕ್ಕೆ ಎರಡು ರೌಂಡು ಶಿಕ್ಷೆ. ಹಂಗಾಗಿ ದಿನಾ ರೇಸು. ಸುಸ್ತಾಗಿ ಹಿಂದೆ ಬಿದ್ದೋನಿಗೇ ಇನ್ನೂ ಸುಸ್ತು ಮಾಡೋದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಜಂಪು, ಶಾಟ್‌ಪುಟ್ ಕಲ್ತು ಬ್ಯಾಚ್ ಬಿಟ್ಟೆ.

ಎರಡನೇ ಸಲದ ತಯಾರಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ಕಿಂದ ಶುರುವಾಯ್ತು. ನಿಯಮ ಒಂದೇ, ಶೂ ಲೇಸ್ ಕಟ್ಟೋಕೆ ಮುಂಚೆ ಇವತ್ತಿನ ಓಟ ಯಾತಕ್ಕೆ ಅಂತ ಒಂದು ಸಾಲು ಬರೀಬೇಕು, ಬರೆಯೋಕೆ ಏನೂ ತೋಚ್ಲಿಲ್ಲ ಅಂದ್ರೆ ಆ ದಿನ ಓಡಂಗಿಲ್ಲ. ವಾರಕ್ಕೆ ಐದೇ ದಿನ. ಮೂರು ದಿನ ಅಮಾನಿಕೆರೆ ಸುತ್ತ ನಿಧಾನಕ್ಕೆ, ಪಕ್ಕದಲ್ಲಿರೋನ ಜೊತೆ ಪೂರ್ತಿ ಪೂರ್ತಿ ವಾಕ್ಯ ಮಾತಾಡ್ಕೊಂಡು ಓಡೋ ಅಷ್ಟು ನಿಧಾನ. ಮಂಗಳವಾರ ಟ್ರ್ಯಾಕಲ್ಲಿ 400 ಮೀಟರ್ ಆರು ಸಲ, ಒಂದೊಂದೂ 92ರಿಂದ 95 ಸೆಕೆಂಡು, ಮಧ್ಯೆ 200 ಮೀಟರ್ ನಡಿಗೆ. ಶುಕ್ರವಾರ ಸಿದ್ಧಗಂಗೆ ಬೆಟ್ಟದ ಕಡೆ ಸಣ್ಣ ಏರಲ್ಲಿ ಎಂಟು ಸಲ ಮೇಲಕ್ಕೆ, ಇಳಿಯೋದು ನಡ್ಕೊಂಡು. ಪೂರ್ತಿ 1600ಕ್ಕೆ ಟೈಮ್ ಹಿಡಿಯೋದು ಮೂರು ವಾರಕ್ಕೆ ಒಂದೇ ಸಲ.

ಇದು ಆರಾಮದ ದಾರಿ ಅಂತ ಯಾರೂ ಅನ್ಕೋಬೇಡಿ. ಮಂಗಳವಾರದ ಐದನೇ ರೌಂಡಲ್ಲಿ ಕಣ್ಣು ಕತ್ತಲೆ ಬರ್ತಿತ್ತು. ವ್ಯತ್ಯಾಸ ಏನಂದ್ರೆ ಆ ಕಷ್ಟ ಯಾಕೆ ಪಡ್ತಿದೀನಿ ಅನ್ನೋದು ನೋಟ್‌ಬುಕ್ಕಲ್ಲಿ ಇತ್ತು, 95 ಸೆಕೆಂಡ್ ಅಂದ್ರೆ ಎಷ್ಟು ಸ್ಪೀಡು ಅಂತ ಕಾಲಿಗೆ ಗೊತ್ತಾಗ್ಬೇಕು, ಅದಕ್ಕೆ. ಎರಡು ತಿಂಗಳಾದ್ಮೇಲೆ ವಾಚ್ ನೋಡ್ದೇನೇ ಹೇಳ್ತಿದ್ದೆ, ಇದು 93, ಇದು 96 ಅಂತ.

ನಿಧಾನದ ದಿನಗಳೇ ಜಾಸ್ತಿ ಕಷ್ಟ ಕೊಟ್ಟಿದ್ದು, ನಿಜ ಹೇಳ್ಬೇಕಂದ್ರೆ. ಬೇರೆ ಹುಡುಗ್ರು ಪಕ್ಕದಲ್ಲಿ ಸರ್ರಂತ ಹೋಗ್ಬೇಕಾದ್ರೆ ಹೊಟ್ಟೇಲಿ ಅದೇ ಹಳೇ ಭಯ. ಆಗ ನನಗೆ ಧೈರ್ಯ ಕೊಟ್ಟಿದ್ದು ರೋಜರ್ ಬ್ಯಾನಿಸ್ಟರ್ ವಿಷಯ. 1954ರ ಮೇ 6ಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿನ 3 ನಿಮಿಷ 59.4 ಸೆಕೆಂಡಲ್ಲಿ ಓಡಿದ ಮನುಷ್ಯ, ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲಿಗ. ಮೈಲಿ ಅಂದ್ರೆ 1609 ಮೀಟರ್, ಹೆಚ್ಚುಕಮ್ಮಿ ನಮ್ಮ 1600 ಮೀಟರ್ ಅಷ್ಟೇ. ಆತ ಡಾಕ್ಟರ್ ಓದ್ತಿದ್ದ, ಪ್ರಾಕ್ಟೀಸಿಗೆ ಸಿಗ್ತಿದ್ದ ಟೈಮೇ ಕಮ್ಮಿ. ಹತ್ತು ಸಲ ಕಾಲು ಮೈಲಿ ಓಡೋ ಪ್ರಾಕ್ಟೀಸಲ್ಲಿ 61 ಸೆಕೆಂಡಿಗೆ ಬಂದು ಸಿಕ್ಕಾಕೊಂಡ, ಎಷ್ಟು ಮಾಡಿದ್ರೂ ಕೆಳಗೆ ಇಳೀತಿಲ್ಲ. ಆಗ ಓಟ ಬಿಟ್ಟು ಗೆಳೆಯನ ಜೊತೆ ಸ್ಕಾಟ್ಲೆಂಡಿಗೆ ಬಂಡೆ ಹತ್ತೋಕೆ ಹೋದ, ಮೂರ್ನಾಕು ದಿನ. ವಾಪಸ್ ಬಂದು ಸ್ವಲ್ಪ ದಿನಕ್ಕೇ 59. ನಾನು 6.35ಕ್ಕೆ ಸಿಕ್ಕಾಕೊಂಡಾಗ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಎರಡನೇ ಟೆಸ್ಟಲ್ಲಿ ವಿಷಲ್ ಊದಿದ್ಮೇಲೆ ಮೊದಲ್ನೇ ತಿರುವಲ್ಲೇ ಹತ್ತಿಪ್ಪತ್ತು ಜನ ನನ್ನ ದಾಟ್ಕೊಂಡು ಹೋದ್ರು. ಬಿಟ್ಟೆ. 92, 95, 96, ಕೊನೇದು 90. ಒಟ್ಟು 6.13. ಮೂರನೇ ರೌಂಡಲ್ಲಿ ಅವ್ರಲ್ಲಿ ಸುಮಾರು ಜನ ಸೊಂಟದ ಮೇಲೆ ಕೈಯಿಟ್ಕೊಂಡು ನಡೀತಿದ್ರು, ನೋಡಿ ಸಂಕಟ ಆಯ್ತು, ಹೋದ್ಸಲ ಹಂಗೆ ನಡೆದಿದ್ದು ನಾನೇ.

ಕೊನೆಗೆ ಲಿಸ್ಟಲ್ಲಿ ನನ್ ಹೆಸರು ಬರ್ಲಿಲ್ಲ, ಅದು ರಿಟನ್ ಮಾರ್ಕ್ಸ್ ವಿಷಯ, ಓಟದ್ದಲ್ಲ. ಆದ್ರೆ ಕಾಲು ಈಗ್ಲೂ ಚೆನ್ನಾಗಿದೆ, ವಾರಕ್ಕೆ ನಾಲ್ಕು ದಿನ ಕೆರೆ ಸುತ್ತ ಓಡ್ತೀನಿ.

ಯಾರಿಗೆ ಯಾವ್ದು ಅಂತ ಕೇಳಿದ್ರೆ: ಟೆಸ್ಟಿಗೆ ನಾಲ್ಕೈದು ತಿಂಗಳಿದ್ರೆ ಕಣ್ಮುಚ್ಕೊಂಡು ನೋಟ್‌ಬುಕ್ ದಾರಿ ಹಿಡೀರಿ. ಶಾಟ್‌ಪುಟ್, ಜಂಪು ಬರಲ್ಲ ಅಂದ್ರೆ ಅದಕ್ಕೆ ಮಾತ್ರ ಬ್ಯಾಚ್ ಸೇರ್ಕೊಳ್ಳಿ. ಮೂರೇ ವಾರ ಉಳಿದಿದ್ರೂ ದಿನಾ ಫುಲ್ ಸ್ಪೀಡ್ 1600 ಮಾತ್ರ ಬೇಡ, ಅಷ್ಟರಲ್ಲಿ ಕಲಿಯೋಕಾಗೋದು ಮೊದಲ್ನೇ ರೌಂಡನ್ನ 95ಕ್ಕೆ ಹಿಡಿದು ನಿಲ್ಸೋದು, ಅದನ್ನ ಕಲೀರಿ.

ಈ ವರ್ಷ ಅಕ್ಕನ ಮಗ ತಯಾರಿ ಶುರು ಮಾಡಿದಾನೆ. ಹೋದ ವಾರ ಬಂದು 'ಮಾವ, ಬೆಳಗ್ಗೆ ಸಾಯಂಕಾಲ ಎರಡೂ ಹೊತ್ತು ಓಡ್ಲಾ?' ಅಂದ. ಯಾಕೆ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು 'ಎಲ್ರೂ ಓಡ್ತವ್ರೆ' ಅಂದ. ಹೊಸ ನೋಟ್‌ಬುಕ್ ಕೊಟ್ಟು ಮೊದಲ್ನೇ ಪೇಜಲ್ಲಿ 97.5 ಅಂತ ಬರ್ಸಿದೀನಿ.