ಎಕ್ಸ್, ಕ್ಯೂ, ಝಡ್, ಜೆ: ಸ್ಕ್ರ್ಯಾಬಲ್ ಆಟದಲ್ಲಿ ಯಾವುದು ಕೈಹಿಡಿಯುತ್ತದೆ?

ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ ಚೀಲದಿಂದ ಕ್ಯೂ ಅಥವಾ ಝಡ್ ಬಂದರೆ ಹೆಚ್ಚಿನವರು ಹಿಗ್ಗುತ್ತಾರೆ. ಎರಡಕ್ಕೂ 10 ಅಂಕ. ಎಕ್ಸ್ ಮತ್ತು ಜೆಗೆ 8. ನೂರು ಬಿಲ್ಲೆಗಳಲ್ಲಿ ಈ ನಾಲ್ಕೂ ಒಂದೊಂದೇ ಇರುವುದರಿಂದ, ಇವು ಯಾರ ಪಾಲಿಗೆ ಬಂದವು, ಅವರು ಎಲ್ಲಿ ಇಳಿಸಿದರು ಎಂಬುದು ಆಟದ ದಿಕ್ಕನ್ನೇ ಬದಲಿಸಬಲ್ಲದು. ಮನೆಯಲ್ಲಿ ಭಾವನವರ ಜೊತೆಗೂ ಮೊಬೈಲಿನಲ್ಲಿ ಅಪರಿಚಿತರ ಜೊತೆಗೂ ಬಹಳ ಕಾಲದಿಂದ ಆಡುತ್ತ ಬಂದ ನನಗೆ ಒಂದು ವಿಷಯದಲ್ಲಿ ಅನುಮಾನವೇ ಉಳಿದಿಲ್ಲ: ಎರಡು ಅಂಕ ಕಡಿಮೆಯಾದರೂ ನಾಲ್ಕರಲ್ಲಿ ಎಕ್ಸ್ ಮೊದಲು.

ಕಾರಣ ಅದರ ಎರಡಕ್ಷರದ ಪದಗಳಲ್ಲಿದೆ. ಎ, ಇ, ಓ ಅಕ್ಷರಗಳ ನಂತರ ಎಕ್ಸ್ ಇಟ್ಟರೆ ಪದ. ಐ, ಯು ಅಕ್ಷರಗಳ ಮೊದಲು ಎಕ್ಸ್ ಇಟ್ಟರೂ ಪದ. ಮೊದಲ ಮೂರು ಕೊಡಲಿ, ಮಾಜಿ ಸಂಗಾತಿ, ಎತ್ತು. ಉಳಿದೆರಡು ಒಂದು ಗ್ರೀಕ್ ಅಕ್ಷರ ಮತ್ತು ವಿಯೆಟ್ನಾಂನ ಹಳೆಯ ನಾಣ್ಯ. ಅಂದರೆ ಐದು ಸ್ವರಗಳಿಗೂ ಒಂದೊಂದು ಪದ. ಈ ಭಾಗ್ಯ ಉಳಿದ ಮೂರಕ್ಕೂ ಇಲ್ಲ. ಬೋರ್ಡಿನಲ್ಲಿ ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವ ಒಂದು ಚೌಕ ಖಾಲಿ ಇದೆ, ಅದರ ಎಡಕ್ಕೆ ಎ, ಮೇಲಕ್ಕೆ ಇ ಇವೆ ಎಂದುಕೊಳ್ಳಿ. ಅಲ್ಲಿ ಎಕ್ಸ್ ಒಂದನ್ನೇ ಇಟ್ಟರೆ ಅಡ್ಡಸಾಲಿಗೆ ಎಕ್ಸ್‌ನ 24 ಮತ್ತು ಎ ಅಕ್ಷರದ 1 ಸೇರಿ 25, ಮೇಲಿಂದ ಕೆಳಗಿನ ಸಾಲಿಗೆ ಮತ್ತೆ 25, ಒಟ್ಟು 50. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲ ಇಳಿಸಿದವರಿಗೆ ಕೊಡುವ ಬೋನಸ್ ಕೂಡ ಅಷ್ಟೇ. ಹೀಗಾಗಿ ಎಕ್ಸ್ ಬಂದಾಗ ನಾನು ಉದ್ದ ಪದ ಹುಡುಕುತ್ತ ಕೂರುವುದಿಲ್ಲ, ಸ್ವರಗಳ ಪಕ್ಕದ ಬಣ್ಣದ ಚೌಕಗಳನ್ನು ನೋಡುತ್ತೇನೆ. ಇನ್ನೊಂದು ನೆಮ್ಮದಿಯೂ ಇದೆ: ಈ ಐದು ಪದಗಳು, ಆಟದಲ್ಲಿ ಸಲ್ಲುವ ಪದಗಳ ಉತ್ತರ ಅಮೆರಿಕದ ಪಟ್ಟಿಯಲ್ಲೂ ಇವೆ, ನಮ್ಮ ದೇಶದ ಟೂರ್ನಿಗಳಲ್ಲಿ ನಡೆಯುವ ಕಾಲಿನ್ಸ್ ಪಟ್ಟಿಯಲ್ಲೂ ಇವೆ. ಜಗಳಕ್ಕೆ ಎಡೆಯಿಲ್ಲ.

ಎರಡನೆಯ ಸ್ಥಾನ ಝಡ್‌ಗೆ. ಪಿಜ್ಜಾದ ಬಾಲವನ್ನಷ್ಟೇ ಉಳಿಸಿಕೊಂಡ ಝಡ್-ಎ ಎಲ್ಲೆಡೆ ನಡೆಯುತ್ತದೆ. ಯಾಕ್ ಮತ್ತು ಹಸುವಿನ ಮಿಶ್ರತಳಿಯನ್ನು ಸೂಚಿಸುವ ಝಡ್-ಓ ಕಾಲಿನ್ಸ್‌ನಲ್ಲಿ ಸರಿ, ಅಮೆರಿಕದವರಲ್ಲಿ ತಪ್ಪು. ಎರಡಕ್ಷರದಲ್ಲಿ ಝಡ್ ಯಾವಾಗಲೂ ಮುಂದೆಯೇ ನಿಲ್ಲಬೇಕು, ಅದೇ ಅದರ ಕೊರತೆ. ಆದರೆ ಸೈಜ್, ಹೇಜ್, ಡೋಜ್‌ನಂಥ ನಾಲ್ಕಕ್ಷರದ ಪದಗಳು ಯಾರಿಗೂ ಹೊಳೆಯುತ್ತವೆ. ಝಡ್ ಕೈಯಲ್ಲಿ ಕೊಳೆಯುವುದು ಅಪರೂಪ.

ಕೊಳೆಯುವುದು ಕ್ಯೂ. ಅದಕ್ಕೆ ಯು ಜೊತೆಯಾಗಲೇಬೇಕೆಂದು ಶಾಲೆಯಲ್ಲಿ ಕಲಿತದ್ದೇ ಇಲ್ಲಿ ಅಡ್ಡಿ. ಚೀಲದಲ್ಲಿ ಯು ಇರುವುದು ನಾಲ್ಕು, ಐ ಇರುವುದು ಒಂಬತ್ತು. ಯುಗಾಗಿ ಕಾಯುವುದಕ್ಕಿಂತ ಒಂದು ಐಯನ್ನು ಜೋಪಾನ ಮಾಡುವುದು ಲೇಸು, ಏಕೆಂದರೆ ಚೀನೀಯರು ಪ್ರಾಣಶಕ್ತಿಗೆ ಹೇಳುವ ಕ್ಯೂ-ಐ ಪದವಿದೆ. ಅಮೆರಿಕದ ಪಟ್ಟಿಗೆ ಅದೂ ಝಡ್-ಎಯೂ ಸೇರಿದ್ದು 2006ರಲ್ಲಿ. ಯೆಮನ್‌ನಲ್ಲಿ ಜಗಿಯುವ ಎಲೆಯ ಹೆಸರಾದ ಕ್ಯೂ-ಎ-ಟಿ ಕೂಡ ಆಪತ್ತಿಗೆ ಒದಗುತ್ತದೆ. ಯು ಇಲ್ಲದ ಇನ್ನು ಕೆಲವನ್ನು ನಾವು ಹೊಸದಾಗಿ ಕಲಿಯಬೇಕಿಲ್ಲ: ಫಕೀರ್, ತಲಾಖ್, ಖವ್ವಾಲಿ, ಕಿಬ್ಲಾ. ನಾಲ್ಕನ್ನೂ ಕ್ಯೂ ಹಾಕಿ ಬರೆದರೆ ಕಾಲಿನ್ಸ್ ಒಪ್ಪುತ್ತದೆ. ಇವುಗಳೊಂದಿಗೆ ಬೆಳೆದ ಕಿವಿಗೆ ಇದು ನಿಜವಾದ ಅನುಕೂಲ. ಇಷ್ಟಾದರೂ ಕ್ಯೂವನ್ನು ಮೂರನೆಯದಾಗಿ ಇಡುತ್ತೇನೆ. ಎದುರಾಳಿ ಬಿಲ್ಲೆ ಮುಗಿಸಿದಾಗ ಕ್ಯೂ ನಿಮ್ಮಲ್ಲೇ ಉಳಿದಿದ್ದರೆ ನಿಮಗೆ 10 ಕಳೆಯುತ್ತದೆ, ಅವರಿಗೆ 10 ಕೂಡುತ್ತದೆ. ಇಪ್ಪತ್ತು ಅಂಕದ ಈ ಅಂತರದಿಂದ ಗೆಲುವು ಕೈತಪ್ಪಿದ್ದನ್ನು ಕಂಡಿದ್ದೇನೆ.

ಅರ್ಥ ತಿಳಿಯದ ಪದ ಇಡುವುದು ಆಟವೇ ಅಲ್ಲ ಎಂದು ಭಾವನವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2007ರಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದವರು. 2015ರಲ್ಲಿ, ಫ್ರೆಂಚ್ ಮಾತನಾಡಲು ಬಾರದೆಯೇ, ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಪಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೂ ಒಂದು ಸಾಧನೆ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಯಾವ ನಿಘಂಟು ಎಂಬುದನ್ನು ಮೊದಲ ಬಿಲ್ಲೆ ಇಡುವ ಮುಂಚೆಯೇ ನಿರ್ಧರಿಸಿಕೊಳ್ಳಿ.

ಕೊನೆಯದು ಜೆ. ಎರಡಕ್ಷರದಲ್ಲಿ ಅಮೆರಿಕದವರಿಗೆ ಜೆ-ಓ ಒಂದೇ, ಕಾಲಿನ್ಸ್‌ನವರಿಗೆ ಜೆ-ಎ ಸೇರಿ ಎರಡು. ಜಾಬ್, ಜಗ್, ಜಾಮ್ ಎಂಬ ಸಾದಾ ಪದಗಳು ಬೇಕಾದಷ್ಟಿವೆ, ಆದರೆ ಎಲ್ಲದರಲ್ಲೂ ಜೆ ಪದದ ಮೊದಲಿಗೇ ಅಂಟಿಕೊಂಡಿದೆ. ಹಿಂದೆ ನಿಲ್ಲಿಸಬೇಕೆಂದರೆ ರಾಜ್, ತಾಜ್, ಹಜ್ ನೆನಪಿರಲಿ. ಮೂರೂ ಮೂರಕ್ಷರದವು, ಮೂರೂ ಸಲ್ಲುತ್ತವೆ. ಬೋರ್ಡಿನ ಮೇಲೆ ಟಿ-ಎ ಅಥವಾ ಎಚ್-ಎ ಮೊದಲೇ ಕುಳಿತಿದ್ದರೆ ಅದರ ಬಾಲಕ್ಕೆ ಜೆ ಒಂದನ್ನೇ ಇಟ್ಟು, ಅಲ್ಲಿಂದ ಕೆಳಕ್ಕೆ ಇನ್ನೊಂದು ಪದವನ್ನೂ ಇಳಿಸಬಹುದು.