ಹಳೆಯ ಮರದ ಮೆಟ್ಟಿಲಿಗೆ ಹೊಸ ಹೊದಿಕೆ: ಲ್ಯಾಮಿನೇಟ್, ವಿನೈಲ್, ಗಟ್ಟಿಮರ ಹಾಕಿ ನೋಡಿದಾಗ

ನೆಲಕ್ಕೆ ಚೆನ್ನಾಗಿ ಒಪ್ಪಿದ ಹೊದಿಕೆ ಮೆಟ್ಟಿಲಿಗೂ ಒಪ್ಪುತ್ತದೆ ಅಂದುಕೊಂಡರೆ ಕೆಲಸ ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಮೈಭಾರವೆಲ್ಲ ಟ್ರೆಡ್‌ನ, ಅಂದರೆ ಕಾಲಿಡುವ ಅಡ್ಡ ಹಲಗೆಯ, ಮುಂದಿನ ಅಂಚಿನ ಮೇಲೆ ಬೀಳುತ್ತದೆ. ಮೂರನ್ನೂ ಹಾಕಿ, ಹತ್ತಿ ಇಳಿದು ನೋಡಿದಾಗ ಗೆದ್ದದ್ದು ಸೋತದ್ದು ಎರಡೇ ವಿಷಯದಲ್ಲಿ: ಅಂಚು ಹೇಗೆ ಮುಗಿಯುತ್ತದೆ, ಹೊದಿಕೆ ಎಷ್ಟು ದಪ್ಪ ಇದೆ.

ಮೊದಲು ದಪ್ಪದ ಲೆಕ್ಕ. ಎಲ್ಲ ಟ್ರೆಡ್ ಮೇಲೂ 20 ಮಿ.ಮೀ. ಹಲಗೆ ಕೂರಿಸಿದರೆ ನಡುವಿನ ಮೆಟ್ಟಿಲುಗಳ ಎತ್ತರ ಬದಲಾಗುವುದಿಲ್ಲ, ಎಲ್ಲವೂ ಒಟ್ಟಿಗೇ ಏರುತ್ತವೆ. ಆದರೆ ಕೆಳಗಿನ ನೆಲ, ಮೇಲಿನ ನೆಲ ಹಾಗೇ ಉಳಿದರೆ 180 ಮಿ.ಮೀ. ಇದ್ದ ಮೊದಲ ಮೆಟ್ಟಿಲು 200 ಆಗುತ್ತದೆ, ಕೊನೆಯದು 160ಕ್ಕೆ ಇಳಿಯುತ್ತದೆ. ಕಾಲು ಒಂದೆರಡು ಮೆಟ್ಟಿಲಲ್ಲೇ ಎತ್ತರವನ್ನು ರೂಢಿ ಮಾಡಿಕೊಳ್ಳುತ್ತದೆ. ಕೊನೆಯಲ್ಲಿ ಲೆಕ್ಕ ತಪ್ಪಿದರೆ ಎಡವುವುದು ಖಂಡಿತ. ಅಮೆರಿಕದಲ್ಲಿ ಮನೆ ಕಟ್ಟಲು ಬಳಸುವ ಮಾದರಿ ನಿಯಮಾವಳಿ ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್ ಒಂದು ಸಾಲಿನ ಅತಿ ಎತ್ತರದ ಮತ್ತು ಅತಿ ತಗ್ಗಿನ ಮೆಟ್ಟಿಲ ನಡುವೆ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ. 2.5 ಮಿ.ಮೀ. ವಿನೈಲ್ ಹಾಕಿದರೆ ವ್ಯತ್ಯಾಸ 5 ಮಿ.ಮೀ.ಗೆ ನಿಲ್ಲುತ್ತದೆ. 8 ಮಿ.ಮೀ. ಲ್ಯಾಮಿನೇಟ್‌ಗೆ 16 ಆಗುತ್ತದೆ. ಅಂದರೆ ದಪ್ಪ ಹೊದಿಕೆ ಬೇಕೆಂದರೆ ಎರಡೂ ಕಡೆ ನೆಲವನ್ನೂ ಅಷ್ಟೇ ಎತ್ತರಿಸುವ ಯೋಜನೆ ಮೊದಲೇ ಇರಬೇಕು.

ಯಾವುದನ್ನೇ ಹಾಕಿ, ಕೆಳಗಿನ ಹಳೆ ಹಲಗೆ ಕಿರುಗುಟ್ಟುತ್ತಿದ್ದರೆ ಅದನ್ನು ಈಗಲೇ ಸರಿಪಡಿಸಿ, ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. 3 ಮಿ.ಮೀ. ತೂತು ಕೊರೆದು 4×50 (4 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ) ಸ್ಕ್ರೂಗಳಿಂದ ಟ್ರೆಡ್ ಅನ್ನು ರೈಸರ್‌ಗೆ, ಅಂದರೆ ಅದರ ಕೆಳಗಿನ ನೆಟ್ಟಗಿನ ಹಲಗೆಗೆ, ಬಿಗಿಯಿರಿ. ತೂತಿಲ್ಲದೆ ಹೊಡೆದರೆ ರೈಸರ್ ಸೀಳುತ್ತದೆ. ಅಡಿಯಿಂದ ಕೈ ಸಿಗುವಂತಿದ್ದರೆ ಸಡಿಲ ಬೆಣೆಗಳಿಗೆ ಅಂಟು ಹಚ್ಚಿ ಮತ್ತೆ ಬಡಿಯಿರಿ. ಮುಂದಕ್ಕೆ ಚಾಚಿದ ಹಳೆ ನೋಸಿಂಗ್ (ಟ್ರೆಡ್‌ನ ಮುಂದಿನ ಅಂಚು) ಅನ್ನು ಜಿಗ್‌ಸಾ ಎಂಬ ವಿದ್ಯುತ್ ಗರಗಸದಿಂದ ರೈಸರ್ ಮಟ್ಟಕ್ಕೆ ಕತ್ತರಿಸಿ. ಜಿಗ್‌ಸಾ ಮುಟ್ಟದ ಎರಡು ತುದಿಗಳನ್ನು ಕಂಪಿಸುವ ಅಲಗಿನ ಮಲ್ಟಿಟೂಲ್‌ನಿಂದ ಮುಗಿಸಬಹುದು. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಬೇಡಿ.

ಲ್ಯಾಮಿನೇಟ್ ನೋಡಲು ಚೆಂದ, ಗೀರು ಬೀಳುವುದು ಕಡಿಮೆ. ಸೋಲುವುದು ಅಂಚಿನಲ್ಲಿ. ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆಗಳನ್ನು ನೆಲದ ಮೇಲಿನಂತೆ ಅಂಟಿಲ್ಲದೆ ಬಿಟ್ಟರೆ ಕಾಲಡಿ ಜಾರುತ್ತವೆ, ಹಾಗಾಗಿ ಪೂರ್ತಿ ಅಂಟಿಸಲೇಬೇಕು. ಸುಮಾರು 190 ಮಿ.ಮೀ. ಅಗಲದ ಒಂದು ಹಲಗೆ 260 ಮಿ.ಮೀ. ಟ್ರೆಡ್‌ಗೆ ಸಾಲದು, ಎರಡನ್ನು ಸಂದಿಗೂ ಅಂಟು ಹಾಕಿ ಜೋಡಿಸಿ, ಸಂದು ಹಿಂದಕ್ಕೆ ಬರುವಂತೆ ಇಡಬೇಕು. ಮುಂದೆ ನೋಸಿಂಗ್ ಪಟ್ಟಿ ಬೇಕೇ ಬೇಕು. ಹಲಗೆಯ ಮೇಲೆ ಕೂರುವ ಪಟ್ಟಿಯ ಏಣು ಕಾಲ್ಬೆರಳಿಗೆ ತಗಲುತ್ತದೆ. ಹಲಗೆಯ ಮಟ್ಟಕ್ಕೆ ಸಮನಾಗಿ ಕೂರುವ ಪಟ್ಟಿಯೇ ವಾಸಿ. ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹೋದರೆ ಪಟ್ಟಿಯ ಬದಿಯಿಂದ ನೀರು ಒಳಗಿನ ಎಚ್‌ಡಿಎಫ್‌ಗೆ (ಮರದ ನಾರನ್ನು ಒತ್ತಿ ಮಾಡಿದ ಹಲಗೆಗೆ) ಇಳಿಯುತ್ತದೆ, ಸಂದಿನುದ್ದಕ್ಕೂ ಕೂದಲೆಳೆಯಷ್ಟು ಉಬ್ಬು ಏಳುತ್ತದೆ. ಬೆರಳು ಎಳೆದರೆ ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಅದು ಮತ್ತೆ ಇಳಿಯುವುದಿಲ್ಲ.

ವಿನೈಲ್ ತೆಳು, ನೀರಿಗೆ ಅಂಜದು, ಸದ್ದೂ ಕಡಿಮೆ. ಆದರೆ ಕೆಳಗಿನ ಮೇಲ್ಮೈಯ ಪ್ರತಿಯೊಂದು ದೋಷವನ್ನೂ ಮೇಲಕ್ಕೆ ತೋರಿಸುತ್ತದೆ. ಬಿಟ್ಟುಹೋದ ಒಂದು ಮೊಳೆತಲೆ ಕೆಲವೇ ದಿನಗಳಲ್ಲಿ ಮೊಡವೆಯಂತೆ ಎದ್ದು ಕಾಣುತ್ತದೆ. ಹಳೆ ಹಲಗೆಯ ಸವೆದ ಗುಳಿಗಳನ್ನು ಫಿಲ್ಲರ್‌ನಿಂದ ತುಂಬಿ, 80ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ನೇರ ಪಟ್ಟಿ ಇಟ್ಟು ನೋಡಿ. ಅಂಟನ್ನು ಹಲ್ಲು ಕರಣೆಯಿಂದ ಇಡೀ ಮೇಲ್ಮೈಗೆ ಎಳೆಯಬೇಕು. ಗೆರೆಗೆರೆಯಾಗಿ ಹಾಕಿದರೆ ಆ ಗೆರೆಗಳೇ ಮೇಲೆ ಕಾಣುತ್ತವೆ. ಇದಕ್ಕೂ ಅಲ್ಯೂಮಿನಿಯಂ ನೋಸಿಂಗ್ ಬೇಕು, ಸ್ಕ್ರೂ ಹಾಕಿ ಬಿಗಿದದ್ದು. ಬರಿ ಅಂಟಿನ ಪಟ್ಟಿ ಕಿತ್ತುಬರುತ್ತದೆ.

ಗಟ್ಟಿಮರದ ಸಿದ್ಧ ಟ್ರೆಡ್ ನನ್ನ ಆಯ್ಕೆ. ಅಂಚು ಅದೇ ಮರದ್ದು, ಸಡಿಲವಾಗಲು ಪಟ್ಟಿಯೇ ಇಲ್ಲ. ಸವೆದರೆ ಉಜ್ಜಿ ಮತ್ತೆ ವಾರ್ನಿಷ್ ಹೊಡೆಯಬಹುದು. ತಿರುವಿನ ಮೆಟ್ಟಿಲಿಗಂತೂ ಇದಕ್ಕೆ ಸಾಟಿಯಿಲ್ಲ, ಲ್ಯಾಮಿನೇಟ್ ಅಲ್ಲಿ ತುಂಡು ತುಂಡಾಗಿ ವ್ಯರ್ಥವಾಗುತ್ತದೆ. ಬೆಲೆ ಹೆಚ್ಚು, ಅಳತೆಯ ಶ್ರಮವೂ ಹೆಚ್ಚು. ಹಳೆ ಮೆಟ್ಟಿಲಲ್ಲಿ ಎರಡು ಟ್ರೆಡ್ ಒಂದೇ ಅಳತೆ ಇರುವುದು ಅಪರೂಪ, ಒಂದೇ ಟ್ರೆಡ್‌ನ ಹಿಂದು ಮುಂದುಗಳಲ್ಲೇ 5 ಮಿ.ಮೀ. ವ್ಯತ್ಯಾಸ ಬರುತ್ತದೆ. ತೆಳು ಪ್ಲೈವುಡ್‌ನ ಎರಡು ತುಂಡುಗಳನ್ನು ಒಂದರ ಮೇಲೊಂದು ಜಾರಿಸಿ ಎರಡು ಬದಿಗೂ ಕೂರಿಸಿ, ಟೇಪ್ ಹಚ್ಚಿ, ಆ ಅಚ್ಚಿನಿಂದ ಗುರುತು ಹಾಕಿ ಕತ್ತರಿಸಿ. ಪ್ರತಿ ಹಲಗೆಯ ಅಡಿಗೂ ಸಂಖ್ಯೆ ಬರೆಯಿರಿ. ಮರ ಮನೆಯೊಳಗೆ ಒಂದೆರಡು ವಾರ ಬಿದ್ದಿರಲಿ, ಇಲ್ಲವಾದರೆ ಹಾಕಿದ ಮೇಲೆ ಕುಗ್ಗಿ ಬದಿಯಲ್ಲಿ ಸಂದು ಬಿಡುತ್ತದೆ.

ರೈಸರ್‌ಗಳನ್ನೆಲ್ಲ ಮೊದಲು ಅಂಟಿಸಿ. ಆಮೇಲೆ ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್ ಅಂಟನ್ನು 6 ಮಿ.ಮೀ. ದಪ್ಪದ ನಾಲ್ಕು ಗೆರೆಗಳಾಗಿ ಎಳೆದು ಗಟ್ಟಿಮರದ ಟ್ರೆಡ್ ಒತ್ತಿ. 310 ಮಿ.ಲೀ. ಟ್ಯೂಬ್ ಒಂದು 900 ಮಿ.ಮೀ. ಉದ್ದದ ಮೂರು ಟ್ರೆಡ್‌ಗೆ ಬರುತ್ತದೆ. 13 ಟ್ರೆಡ್ ಇದ್ದರೆ ಐದು ಟ್ಯೂಬ್ ತನ್ನಿ, ರೈಸರ್‌ನದ್ದು ಬೇರೆ. ಇಂದು ಬೆಸಸಂಖ್ಯೆಯವು, 24 ಗಂಟೆ ಕಳೆದ ಮೇಲೆ ಸಮಸಂಖ್ಯೆಯವು ಅಂತ ಹಾಕಿದರೆ ಹತ್ತಿ ಇಳಿಯಲು ದಾರಿ ಉಳಿಯುತ್ತದೆ. ವಾರ್ನಿಷ್ ಮ್ಯಾಟ್ ಇರಲಿ, ಮಿರುಗುವುದು ಕಾಲುಚೀಲಕ್ಕೆ ಜಾರುತ್ತದೆ.