ದೇಣಿಗೆ ಸೇವೆ: ಕೆಲಸ ಚೆನ್ನಾಗಿದೆ, 'ಟಿಪ್' ಮಾತ್ರ ನೋಡಿಕೊಳ್ಳಿ

ಮನೆಯವರನ್ನು ಕಳೆದುಕೊಂಡವರ ಜೊತೆ ಕೂತು ಮಾತಾಡುವ ಒಂದು ಪುಟ್ಟ ಸಂಸ್ಥೆಗೆ ಹಣ ಕೂಡಿಸಲು ಈ ಆನ್‌ಲೈನ್ ಸೇವೆ ಬಳಸಿದೆವು. ಸೇವೆಯ ಹೆಸರು ಬೇಡ, ದೂರೂ ಇದೆಯಲ್ಲ.

ಪುಟ ಮಾಡುವುದು ಸುಲಭ. ತುಂಬಾ ಹಿಡಿಸಿದ್ದು ತೀರಿಕೊಂಡವರ ನೆನಪಿಗೆ ಒಂದೆರಡು ಸಾಲು ಬರೆಯಲು ಕೊಟ್ಟಿರುವ ಜಾಗ. ಕೊಟ್ಟ ಹಣ ಸ್ವಲ್ಪವೇ ಆದರೂ ಜನ ಅಲ್ಲಿ ಮನಸ್ಸು ಬಿಚ್ಚಿ ಬರೆದರು, ಕೆಲವರಂತೂ ಎಷ್ಟೋ ವರ್ಷದ ಹಿಂದೆ ಹೋದ ಅಪ್ಪ ಅಮ್ಮನ ಬಗ್ಗೆ, ಯಾರ ಹತ್ತಿರವೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಬರೆದರು.

ಇನ್ನು ಕಿರಿಕಿರಿ. ಹಣ ಕಟ್ಟುವ ಕೊನೆಯ ಹಂತದಲ್ಲಿ 'ಟಿಪ್' ಅಂತ ಒಂದು ಮೊತ್ತ ತಾನಾಗಿಯೇ ಸೇರಿಕೊಂಡಿರುತ್ತದೆ. ಅದು ಸಂಸ್ಥೆಗಲ್ಲ, ವೆಬ್‌ಸೈಟಿಗೆ! ಸೊನ್ನೆ ಮಾಡಬಹುದು, ಆದರೆ ಎಲ್ಲಿ ಅಂತ ಹುಡುಕಬೇಕು. ಪೇಮೆಂಟ್ ಶುಲ್ಕ ಬೇರೆ. ದುಃಖದಲ್ಲಿ ಇರುವವರು ಅಷ್ಟೆಲ್ಲ ಗಮನಿಸುತ್ತಾರಾ? ಇದು ಸರಿಯಲ್ಲ ಅಲ್ವಾ.

ಪುಟಕ್ಕೆ ಅಂತ ಅವರೇ ಕೊಡುವ ಮಾದರಿ ಬರಹದಲ್ಲಿ 'ದುಃಖದ ಐದು ಹಂತ' ಅಂತ ಇತ್ತು, ಅಂದರೆ ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಬಗ್ಗೆ. ತಮ್ಮವರನ್ನು ಕಳೆದುಕೊಂಡವರು ಹಾಗೆ ಒಂದೊಂದೇ ಮೆಟ್ಟಿಲು ಇಳಿದಂತೆ ಸುಧಾರಿಸಿಕೊಳ್ಳುವುದಿಲ್ಲ. ಅಳಿಸಿಬಿಟ್ಟು, ಹಣ ಯಾವುದಕ್ಕೆ ಹೋಗುತ್ತದೆ ಅಂತ ನೇರವಾಗಿ ಬರೆದೆವು: ಸ್ವಯಂಸೇವಕರ ತರಬೇತಿ, ಕೂರಲು ಒಂದು ಕೋಣೆ, ಫೋನ್ ಬಿಲ್.

ತಿಂಗಳು ತಿಂಗಳು ಕೊಡುವ ಆಯ್ಕೆಯನ್ನು ಖಂಡಿತ ಆನ್ ಮಾಡಿ, ಈ ಕೆಲಸ ಒಂದು ಸಲದ ಹಣದಲ್ಲಿ ನಡೆಯುವುದಲ್ಲ. ದೊಡ್ಡ ಮೊತ್ತ ಕೊಡುವವರಿಗೆ ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಲು ಹೇಳಿ. ಐದಕ್ಕೆ ಮೂರು ಸ್ಟಾರ್.